ಚಾಪೆ ಹೊದ್ದ ತಲೀಲಗಿ

ಬ್ರಿಸ್ಬೇನ್, ಜುಲೈ ೧೪

ಅಕ್ಕ ಫೀಪೆ,

ಇದನ್ನು ಸಂಜೆಯ ಪ್ರಾರ್ಥನೆಗೆ ಸೇರಿದವರ ಮುಂದೆ ಓದಬೇಕು. ನೆರೆದ ಬಂಧುಗಳಿಗೆ ವಂದನೆಗಳು. ಇಲ್ಲಿನ ಶಾಲಾ ಮಕ್ಕಳ ಕುರಿತ ಸಂಶೋಧನೆಗೆ ನೆರವಾಗಲು ನನ್ನನ್ನು ಸಮೋವಾದಿಂದ ಕಳುಹಿಸಿಕೊಟ್ಟ ಹಿರಿಯರಿಗೆ ನಾನು ಋಣಿ.

ಮಕ್ಕಳು ಪರಸ್ಪರ ಹೇಗೆ ಹೊಂದಿಕೊಳ್ಳುತ್ತಾರೆಂಬುದನ್ನು ಈ ಶಾಲೆಯಲ್ಲಿ ಅಂಕಗಳಲ್ಲಿ ಅಳೆಯುತ್ತಾರೆ. ಅಂಕ ಕಡಿಮೆಯಾದ ಮಗುವಿಗೆ ಬೇರೆ ತರಗತಿ. ನಿನ್ನೆ ನಮ್ಮವರ ಮಗು, ಆರು ವರ್ಷದ ತಲೀಲಗಿ, ಗೆಳತಿ ಲೋಸಾ ಕಟ್ಟಿದ್ದ ಮರದ ತುಂಡುಗಳ ಮನೆಯನ್ನು ಕಾಲು ತಾಗಿಸಿ ಬೀಳಿಸಿದಳು. ಮರುಗಳಿಗೆಯಲ್ಲೇ ನೆಲದ ಚಾಪೆಯನ್ನೆಳೆದು ತಲೆಯ ಮೇಲೆ ಹೊದ್ದು, ಲೋಸಾಳ ಮುಂದೆ ಬಾಗಿ ಕುಳಿತಳು. ನಮ್ಮೂರಿನಲ್ಲಿ ತಪ್ಪು ಮಾಡಿದ ಮನೆಯ ಹಿರಿಯರು ಚಾಪೆ ಹೊದ್ದು ಕ್ಷಮೆ ಬೇಡಿ ನೊಂದವರ ಬಾಗಿಲಲ್ಲಿ ಕೂರುವರಲ್ಲ, ಹಾಗೆಯೇ.

“ಬಾಯಿಬಿಟ್ಟು ಸಾರಿ ಅನ್ನಲಿಲ್ಲ, ಮುಖ ಮುಚ್ಚಿಕೊಂಡುಬಿಟ್ಟಳು. ಸೊನ್ನೆ,” ಎಂದರು ಸಂಶೋಧಕಿ ಮೊಯ್ರಾ.

“ಸೊನ್ನೆ ಆಮೇಲೆ ಬರೀರಿ ಮೇಡಂ. ಚಾಪೆ ತೆಗೆದು ಕ್ಷಮಿಸೋದು ಲೋಸಾಳ ಕೆಲಸ,” ಎಂದೆ.

ಲೋಸಾ ಸ್ವಲ್ಪ ಹೊತ್ತು ಬಿಂಕದಿಂದ ಕುಳಿತಿದ್ದು, ಎದ್ದು ಬಂದು ಚಾಪೆ ಎತ್ತಿದಳು. “ಸಾಕು ಏಳೇ, ಒಳ್ಳೇ ಅಜ್ಜನ ಥರಾ ಕೂತಿದೀಯ. ಈ ಸಲ ಬಾಗಿಲು ನೀನೇ ಇಡು.”

ನಮ್ಮ ಭಾಷೆಯ ಆ ಮಾತನ್ನು ನಾನು ಇಂಗ್ಲಿಷಿನಲ್ಲಿ ತಿಳಿಸಿದಾಗ ಮೊಯ್ರಾ ಸೊನ್ನೆಯನ್ನು ಹೊಡೆದುಹಾಕಿ ಪೂರ್ಣಾಂಕ ಕೊಟ್ಟರು. “ಇದು ನನ್ನ ಅಂಕದ ಪಟ್ಟೀಲೇ ಇಲ್ವಲ್ಲ. ಹೊಸ ಪಟ್ಟಿ ನಿಮ್ಮ ಹಿರಿಯರು ಬರೆದುಕೊಡ್ತಾರಾ?” ಎಂದು ಕೇಳಿದರು. ನಿಮ್ಮ ಪರವಾಗಿ ಒಪ್ಪಿಬಿಟ್ಟಿದ್ದೇನೆ.

ಇಲ್ಲೀಗ ಚಳಿಗಾಲ, ಮಂಡಿ ನೋಯುತ್ತದೆ, ತೆಂಗಿನೆಣ್ಣೆ ಕಳುಹಿಸು. ಅಂಚೆ ಕಾರ್ಡು ತುಂಬುತ್ತಿದೆ. ಮಕ್ಕಳ ಜಗಳದಲ್ಲಿ ದೊಡ್ಡವರು ಕೈಹಾಕದೆ, ಅವರು ರಾಜಿಯಾಗುವ ಬಗೆಯನ್ನು ನೋಡಿ ಬರೆದಿಡಿ. ಇದು ತಲುಪಿದ ಮೊದಲ ಭಾನುವಾರದ ಊಟ ಮುಗಿದೊಡನೆ ಆರಂಭಿಸಿ.

ನಿನ್ನ ತಮ್ಮ,
ಫೆರೇತಿ