ಅಂಗೈ ಹೇಳಿದ ಸುಳ್ಳು

ಮಾರ್ಚ್ ೧೪, ಗುರುವಾರ

ನಿದ್ದೆ ಹತ್ತುತ್ತಿಲ್ಲ. ಮೊಮ್ಮಗಳ ಸ್ನಾನಕ್ಕೆ ನೀರು ಹದ ಮಾಡಿದವನು ನಾನೇ. ಅಂಗೈ ಅದ್ದಿ ನೋಡಿದಾಗ ಉಗುರುಬೆಚ್ಚಗಿತ್ತು. ಮೊದಲ ಚೊಂಬು ಸುರಿಯುತ್ತಲೇ ಮಗು ಕಿಟಾರನೆ ಕಿರುಚಿತು, ಬೆನ್ನೆಲ್ಲ ಕೆಂಪಾಯಿತು.

"ಅಪ್ಪಾ, ಇಷ್ಟು ಬಿಸಿ ನೀರಾ! ನಿಂಗೆ ಗೊತ್ತಾಗ್ಲಿಲ್ವಾ?" ಎಂದು ಮಗಳು ಮಗುವನ್ನು ಕಸಿದುಕೊಂಡಳು.

ಪುಣ್ಯಕ್ಕೆ ಬೊಬ್ಬೆ ಏಳಲಿಲ್ಲ. ಡಾಕ್ಟರು ಮಗುವನ್ನು ನೋಡಿದ ಮೇಲೆ ನನ್ನ ಕೈಯನ್ನೂ ತಿರುಗಿಸಿ ನೋಡಿದರು. "ಇಸ್ತ್ರಿಪೆಟ್ಟಿಗೆ ಹಿಡಿದೂ ಹಿಡಿದೂ ಮೇಲ್ಚರ್ಮ ಜಡ್ಡುಗಟ್ಟಿದೆ ಯಜಮಾನ್ರೇ. ಬಿಸಿ ತಿಳಿಸೋ ನರ ಅದರ ಕೆಳಗಿರೋದು. ಇನ್ಮೇಲೆ ಮೊಣಕೈ ಅದ್ದಿ ನೋಡಿ."

ನೋಡುತ್ತೇನೆ, ಅದಿರಲಿ. ಪಕ್ಕದಲ್ಲಿ ಹೆಂಡತಿ ಮಲಗಿದ್ದಾಳೆ. ಇಷ್ಟು ವರ್ಷ ಇವಳ ಹಣೆ ಮುಟ್ಟಿ, "ಜ್ವರ ಏನಿಲ್ಲ, ಏಳು" ಅಂದದ್ದು ಇದೇ ಕೈ.