ಸೀಸದ ಗೋಡೆಯೊಳಗಿನ ಗಡಿಯಾರ

ವಿಜ್ಞಾನಿ ಪುಟ್ಟಿಗೆ ಸೋದರಮಾವನ ಆಶೀರ್ವಾದ.

ಏಳನೇ ಕ್ಲಾಸಷ್ಟೇ ಓದಿದ ನಾನು ಗಣಿಯ ತಳದಲ್ಲಿ ನಿನ್ನ ಯಂತ್ರದ ಸುತ್ತ, ಹೊರಗಿನ ವಿಕಿರಣ ತಡೆಯುವ ಸೀಸದ ಇಟ್ಟಿಗೆಯ ಗೋಡೆ ಕಟ್ಟಿದೆನೆಂದು ಊರೆಲ್ಲ ಕೊಚ್ಚಿಕೊಂಡೆ. ಒಂದು ಮಾತು ಮಾತ್ರ ನುಂಗಿದ್ದೆ. ಹೋದ ತಿಂಗಳು ಗೋಡೆ ಬಿಚ್ಚಿ ಕಟ್ಟುವಾಗ, ಕತ್ತಲಲ್ಲಿ ಹೊಳೆಯುವ ನನ್ನ ಹಳೇ ರೇಡಿಯಂ ಕೈಗಡಿಯಾರ ಒಳಗೆ ಬಿತ್ತು. ಮತ್ತೆ ಬಿಚ್ಚಲು ಸೊಂಟ ಕೇಳಲಿಲ್ಲ.

ಮೊನ್ನೆ ಲಿಫ್ಟಿನಲ್ಲಿ ನೀನು, "ಮಾವಾ, ನಾವು ಹುಡುಕ್ತಿದ್ದ, ಕಣ್ಣಿಗೆ ಕಾಣದ ಕಪ್ಪುದ್ರವ್ಯದ ಸುಳಿವು ಸಿಕ್ತು! ಸೋಮವಾರ ಜಗತ್ತಿಗೇ ಹೇಳ್ತೀವಿ" ಎಂದೆ. ಆಮೇಲೆ ನಿನ್ನ ಜೊತೆಗಾರನನ್ನು ಕೇಳಿದರೆ, "ಒಳಗೆ ಚೂರು ರೇಡಿಯಂ ಇದ್ರೂ ಯಂತ್ರ ಅದನ್ನೇ ಸುಳಿವು ಅಂದ್ಕೊಂಡು ಏಮಾರುತ್ತೆ" ಎಂದ.

ಸೋಮವಾರದ ಮಾತು ನಿಲ್ಲಿಸು. ಎಡಗಡೆಯ ಮೂರನೇ ಸಾಲು ಬಿಚ್ಚಿಸು. ವರದಿಯಲ್ಲಿ 'ಮಾವ' ಬೇಡ, 'ಒಬ್ಬ ಮೇಸ್ತ್ರಿ' ಅಂತ ಬರೆ. ಅಂದೇ ಹೇಳಬೇಕಿತ್ತು. ಈ ಹುಡುಕಾಟದ ಆರು ವರ್ಷದಲ್ಲಿ ಮೊದಲ ಸಲ ನೀನು ನಕ್ಕಿದ್ದು ಕಂಡು, ಎರಡು ದಿನ ಹೇಳಲು ಬಾಯಿ ಬರಲಿಲ್ಲ.

ಇತಿ,
ದಣಿದಿರುವ ನಿನ್ನ ಮಾವ