ಹೇಝಲ್‌ಳ ಕರು

ವಿಸ್ಕಾನ್ಸಿನ್, ಗುರುವಾರ

ಆರ್ವಿಡ್ ಮಾಮನಿಗೆ,

ಶನಿವಾರ ದೊಡ್ಡ ಟ್ರೇಲರನ್ನೇ ತನ್ನಿ. ನನ್ನ ಕಂದು ಹಸು ಈದಿದೆ. ಹೆಣ್ಣುಗರು, ಹಣೆಯಲ್ಲಿ ಸತ್ತ ನಿಮ್ಮ ಹಸು ಹೇಝಲ್‌ಳದೇ ಬಿಳಿ ಮಚ್ಚೆ. ಅದು ನಿಮ್ಮ ಕರು.

ಹೇಝಲ್ ಬದುಕಿದ್ದಾಗ ತೆಗೆದು ಹೆಪ್ಪುಗಟ್ಟಿಸಿಟ್ಟಿದ್ದ ಅವಳ ಕೊನೆಯ ಭ್ರೂಣವನ್ನು ನನ್ನ ಕೈಯಿಂದ ಗರ್ಭಕ್ಕೆ ಹಾಕಿಸಲು ನೀವು ನಿಮ್ಮ ಬೇರೆ ಹಸುವನ್ನು ನಮ್ಮಲ್ಲಿಗೆ ತಂದ ದಿನ, ಹಸುವನ್ನು ಮುಟ್ಟಿ ನೋಡುವ ಮೊದಲೇ ನಾನು ಭ್ರೂಣದ ಹಿಮ ಕರಗಿಸಿಬಿಟ್ಟಿದ್ದೆ. ನೋಡಿದರೆ ಹಸು ಬೆದೆಗೇ ಬಂದಿರಲಿಲ್ಲ, ಅದರಲ್ಲಿ ಭ್ರೂಣ ನಿಲ್ಲುವಂತಿರಲಿಲ್ಲ. ಕರಗಿದ್ದನ್ನು ಮತ್ತೆ ಹೆಪ್ಪುಗಟ್ಟಿಸಲಾಗದು. ನೀವು ಒಳಗೆ ಕಾಫಿ ಕಾಯಿಸುತ್ತಿದ್ದಾಗ, ಹಿಂದಿನ ವಾರ ಬೆದೆಗೆ ಬಂದಿದ್ದ ನನ್ನ ಹಸುವಿಗೇ ಹಾಕಿದೆ. “ಹಾಕಾಯ್ತು ಮಾಮ” ಎಂದೆ. ಯಾವುದಕ್ಕೆಂದು ಹೇಳಲಿಲ್ಲ.

ನಿಮ್ಮ ಹಸು ಗಬ್ಬವಾಗಿಲ್ಲವೆಂದಾಗ ನೀವು, “ಹೋಗ್ಲಿ ಬಿಡಮ್ಮ, ನಿನ್ ತಪ್ಪೇನಿದೆ? ಹೇಝಲ್ ಸತ್ಮೇಲೂ ಹಟ ಬಿಟ್ಟಿಲ್ಲ” ಎಂದು ನಕ್ಕಿರಿ.

ಹಸು ಕರುವಿನ ಬಳಿಗೆ ನನ್ನನ್ನೂ ಬಿಡುತ್ತಿಲ್ಲ, ಎರಡನ್ನೂ ಒಯ್ಯಿರಿ. ಈ ಸಲ ಮಾತ್ರ ‘ಹೋಗ್ಲಿ ಬಿಡಮ್ಮ’ ಅನ್ನಬೇಡಿ.

ಮಾರ್ಲಿಸ್